ನಮ್ಮತ್ತೆ ಹಾಕಿದ ಒಂದೇ ಒಂದು ಕ್ವಾರ್ಟರ್

ಕೆಲವರು ಎಲ್ಲಿಗೆ ಹೋದರೂ ಏನೂ ಆಗುವುದಿಲ್ಲ. ನಮ್ಮತ್ತೆ ಹಾಗಲ್ಲ, ಹಾಲು ತರಲು ಹೋದರೂ ಜೊತೆಗೊಂದು ಕಥೆ ತರುತ್ತಾರೆ. ಅಂಥವರನ್ನು ಕ್ಯಾಸಿನೋಗೆ ಕರೆದುಕೊಂಡು ಹೋದರೆ ಕೇಳಬೇಕೆ!

ತೊಂಬತ್ತರ ದಶಕದ ಮಾತು. ಮೇರಿಲ್ಯಾಂಡಿನ ಗೈದರ್ಸ್‌ಬರ್ಗ್‌ನಲ್ಲಿದ್ದೆವು, ನಾನೂ ನಮ್ಮವರೂ. ನಾನು ಆರು ತಿಂಗಳ ಬಸುರಿ. ನಮ್ಮಮ್ಮನಿಗೆ ಮಂಡಿ ಆಪರೇಷನ್ ಆಗಿ ಬರುವ ಹಾಗಿರಲಿಲ್ಲ, ಹಾಗಾಗಿ ಬಾಣಂತನಕ್ಕೆ ಅಂತ ಮೈಸೂರಿನಿಂದ ಅತ್ತೆ ಬಂದರು. ಬಂದ ಮೂರೇ ವಾರಕ್ಕೆ "ಇಲ್ಲಿರೋಕೆ ನನ್ ಕೈಲಾಗಲ್ಲ ಕಣೋ, ವಾಪಸ್ ಟಿಕೆಟ್ ಮಾಡ್ಸು" ಅಂತ ಮಗನಿಗೆ ಗಂಟುಬಿದ್ದರು. ಪಾಪ, ಊರಲ್ಲಿ ದಿನಾ ಮಧ್ಯಾಹ್ನ ಮೂವರು ಗೆಳತಿಯರ ಜೊತೆ ಹುಣಸೆಬೀಜ ಪಣಕ್ಕಿಟ್ಟು ರಮ್ಮಿ ಆಡುತ್ತಿದ್ದವರು. ಇಲ್ಲಿ ಕಿಟಕಿಯಿಂದ ಪಾರ್ಕಿಂಗ್ ಲಾಟ್ ನೋಡಿ ನೋಡಿ ಯಾವ ಕಾರು ಯಾರದು ಅಂತ ಬಾಯಿಪಾಠ ಆಗಿತ್ತು. ಅವರು ಹೋದರೆ ನನ್ನ ಗತಿ? ಮೊದಲನೇ ಹೆರಿಗೆ, ಮಗುವಿಗೆ ನೀರು ಹಾಕುವುದಿರಲಿ, ನೆಟ್ಟಗೆ ಎತ್ತಿಕೊಳ್ಳಲೂ ನನಗೆ ಬರುತ್ತಿರಲಿಲ್ಲ.

"ಒಂದ್ ಚೇಂಜ್ ಆಗ್ಲಿ ಬಾಮ್ಮ, ಸಮುದ್ರ ತೋರಿಸ್ತೀನಿ" ಅಂತ ನಮ್ಮವರು ಒಂದು ಶನಿವಾರ ಬೆಳಿಗ್ಗೆ ಅಟ್ಲಾಂಟಿಕ್ ಸಿಟಿ ಬಸ್ಸು ಹತ್ತಿಸಿದರು. ಸಮುದ್ರದ ದಡದಲ್ಲೇ ಕ್ಯಾಸಿನೋ ಇದೆ, ಅಲ್ಲಿ ವಿಡಿಯೋ ಪೋಕರ್ ಅಂದರೆ ತನಗೆ ಪ್ರಾಣ ಅನ್ನುವುದನ್ನು ಮಾತ್ರ ಹೇಳಿರಲಿಲ್ಲ.

ಪುಗಸಟ್ಟೆ ಕಾಸು

ಬಸ್ಸಿಳಿದವರಿಗೆಲ್ಲ ಕ್ಯಾಸಿನೋದವರು ತಲೆಗೊಂದು ಕೂಪನ್ ಕೊಡುತ್ತಿದ್ದರು. ಕೌಂಟರಿನಲ್ಲಿ ಕೊಟ್ಟರೆ ಕ್ವಾರ್ಟರ್, ಅಂದರೆ ಕಾಲು ಡಾಲರ್ ನಾಣ್ಯಗಳ ಒಂದು ರೋಲ್. ಆಡಲಿ ಅಂತ ತೋರಿಸುವ ಆಸೆ, ಅಷ್ಟೇ.

ಅತ್ತೆ ರೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಪುಗಸಟ್ಟೆ ಯಾಕೆ ಕೊಡ್ತಾರೆ? ಆಮೇಲೆ ಕಿಡ್ನಿಗಿಡ್ನಿ ಕೇಳಲ್ಲ ತಾನೇ?"

"ಅಯ್ಯೋ, ಏನೂ ಕೇಳಲ್ಲ ಬಿಡಿ ಅತ್ತೆ."

"ಹಾಗಾದ್ರೆ ಸರಿ" ಅಂತ ರೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗನ ಕಡೆ ತಿರುಗಿದರು. "ಬಂದಿದ್ದಾಯ್ತು, ದುಡ್ಡೂ ಸಿಕ್ತು. ವಾಪಸ್ ಬಸ್ ಎಷ್ಟೊತ್ತಿಗೆ?"

ಕ್ಯಾಸಿನೋದಲ್ಲಿ ಗೆಲ್ಲುವ ಖಾತ್ರಿ ಉಪಾಯ ಅದೊಂದೇ. ಆದರೆ ಬಸ್ಸಿಗೆ ಇನ್ನೂ ಆರು ಗಂಟೆ ಇತ್ತು.

ಮೊದಲು ಲೈಫ್

ನಮ್ಮವರು ಅಮ್ಮನನ್ನು ಮಿಷನ್ ಮುಂದೆ ಕೂರಿಸಿ ಹೇಳಿಕೊಟ್ಟರು. ಕಾಸು ಹಾಕಿದರೆ ಪರದೆ ಮೇಲೆ ಐದು ಎಲೆ ಬರುತ್ತೆ. ಬೇಕಾದ್ದು ಇಟ್ಟುಕೊಂಡು ಉಳಿದದ್ದು ಎಸೆದರೆ ಅದರ ಬದಲು ಹೊಸ ಎಲೆ. ಗುಲಾಮನಿಂದ ಮೇಲೆ ಯಾವುದಾದರೂ ಜೋಡಿ ಸಿಕ್ಕರೆ ಹಾಕಿದ ಕಾಸು ವಾಪಸ್.

ಇಸ್ಪೀಟೆಲೆ ಕಂಡದ್ದೇ ತಡ, ನಮ್ಮತ್ತೆ ಮುಖ ಅರಳಿತು ನೋಡಿ! ಮೂರು ವಾರದಲ್ಲಿ ಮೊದಲನೇ ಸಲ.

ಮೊದಲ ಕೈಗೇ ಎರಡು ರಾಣಿ ಬಂತು. ಜೊತೆಗೆ ಆಟಿನ್ ಐದು, ಆರು, ಏಳು. ಅತ್ತೆ ಕಣ್ಣು ಮಿಟುಕಿಸದೆ ಎರಡೂ ರಾಣಿಯನ್ನು ಎಸೆದರು.

"ಅಯ್ಯಯ್ಯೋ ಅಮ್ಮ! ಜೋಡಿ ರಾಣಿ!" ಅಂತ ನಮ್ಮವರು ತಲೆ ಚಚ್ಚಿಕೊಂಡರು. ಯಾವ ಎಲೆ ಇಟ್ಟುಕೊಳ್ಳಬೇಕು ಅಂತ ಆಫೀಸಿನ ಪ್ರಿಂಟರಿನಲ್ಲಿ ಚಾರ್ಟ್ ಬೇರೆ ತೆಗೆದು ತಂದಿದ್ದರು.

"ಸುಮ್ನಿರೋ. ಮೂರೆಲೆ ಸಾಲಾಗಿ ಕೂತು ಮೊದ್ಲು ಲೈಫ್ ಆಗ್ಬೇಕು. ರಮ್ಮೀಲಿ ಲೈಫ್ ಇಲ್ದೆ ರಾಣಿ ಕಟ್ಕೊಂಡು ಕೂತ್ರೆ, ಎದುರಿಗಿರೋನು ಶೋ ಮಾಡಿದ್ ತಕ್ಷಣ ಪಾಯಿಂಟೆಲ್ಲ ನನ್ ತಲೆ ಮೇಲೆ. ಅಂದಹಾಗೆ, ಇವನ ಕೈಲಿ ಏನೇನಿದೆ?"

"ಮಿಷನ್ ಕೈಲಿ ಎಲೇನೇ ಇರಲ್ಲಮ್ಮ. ನೀನೊಬ್ಳೇ ಆಡೋದು. ಹಂಗಿದ್ರೂ ನಾನು ಬಂದಾಗೆಲ್ಲ ಸೋತಿದೀನಿ, ನನ್ ಮಾತು ಕೇಳು."

ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಎಲೇನೇ ಇಲ್ದೋನ ಹತ್ರ ಪ್ರತಿ ಸಲ ಬಂದು ಸೋಲ್ತೀಯೇನೋ?"

ಪಕ್ಕದ ಸ್ಟೂಲಿನ ಅಜ್ಜಿ

ಅತ್ತೆ ಪಕ್ಕದಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಆಡುತ್ತಿದ್ದಳು. ಇವರಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ನಾನು ಒಂದು ಗಂಟೆ ಸಮುದ್ರದ ಗಾಳಿ ಕುಡಿದು ಬರುವಷ್ಟರಲ್ಲಿ ಇಬ್ಬರೂ ಕೋಡುಬಳೆ ಕಡಿಯುತ್ತಾ ಭುಜ ತಟ್ಟಿಕೊಂಡು ನಗುತ್ತಿದ್ದರು. ಅಜ್ಜಿ ಆಗಾಗ ಐದು ಬೆರಳು ಎತ್ತಿ ಎತ್ತಿ ತೋರಿಸುತ್ತಿದ್ದಳು, ಅತ್ತೆ ಲೊಚಗುಟ್ಟುತ್ತಿದ್ದರು.

"ಏನಂತೆ ಅತ್ತೆ?"

"ಐದು ಮಕ್ಕಳಂತೆ, ಪಾಪ. ಸೊಸೇನೂ ಸರಿಯಿಲ್ವಂತೆ."

"ಅದು ನಿಮಗೆ ಹೇಗೆ ಗೊತ್ತಾಯ್ತು?"

"ಅದಕ್ಕೆಲ್ಲ ಭಾಷೆ ಬೇಕೇನೇ?"

"ನೀವೇನಂದ್ರಿ ಅದಕ್ಕೆ?"

"ನಾನೇನನ್ಲಿ? ನಮ್ಮನೇಲೂ ಹಾಗೇ ಅಂತ ತಲೆ ಆಡ್ಸಿದೆ."

ಮಿಷನ್ ಕೆಟ್ಟುಹೋಯಿತು

ಬಸ್ಸಿಗೆ ಇನ್ನರ್ಧ ಗಂಟೆ ಇತ್ತು. ಅತ್ತೆಯನ್ನು ಕರೆಯಲು ಹೋದರೆ ಅವರ ಮಿಷನ್ ಗಡಗಡ ಸದ್ದು ಮಾಡಿಕೊಂಡು ಕಾಸು ಸುರಿಸುತ್ತಿದೆ, ನಿಲ್ಲುತ್ತಲೇ ಇಲ್ಲ. ಅಜ್ಜಿ ತನ್ನ ಕಾಲನ್ನು ಅತ್ತೆ ಸ್ಟೂಲಿನ ಮೇಲೆ ಹಾಕಿ, ಕಾಸಿನ ತಟ್ಟೆಗೆ ಎರಡೂ ಕೈ ಅಡ್ಡ ಹಿಡಿದು ಕಾವಲು ಕೂತಿದ್ದಾಳೆ. ಅತ್ತೆ ಮಾತ್ರ ನಾಪತ್ತೆ!

ಹೊಟ್ಟೆ ಹಿಡಿದುಕೊಂಡು ಎಲ್ಲಾ ಕಡೆ ಹುಡುಕಿದೆ. ಕೊನೆಗೆ ಹೆಂಗಸರ ರೆಸ್ಟ್‌ರೂಮಿನ ಮೂಲೆ ಬಾಗಿಲ ಕೆಳಗೆ ಜರಿಯಂಚು, ಬಿಳಿ ಸಾಕ್ಸು ಕಂಡವು.

"ಅತ್ತೆ, ಬಾಗಿಲು ತೆಗೀರಿ!"

"ಶ್! ಪೊಲೀಸ್ನೋರು ಬಂದ್ರಾ? ಲೈಫ್ ಮಾಡೋಣ ಅಂತ ಇಸ್ಪೀಟ್ ರಾಜ, ರಾಣಿ, ಗುಲಾಮ ಇಟ್ಕೊಂಡು ಇನ್ನೊಂದು ರಾಜನ್ನ, ಜೊತೆಗಿದ್ದ ಮೂರನ್ನ ಎಸ್ದೆ ಕಣೆ. ಇಸ್ಪೀಟಿಂದೇ ಎಕ್ಕ, ಹತ್ತು ಬಂತು. ಮಿಷನ್ ಕೆಟ್ಟು ಕಂಡೋರ ದುಡ್ಡೆಲ್ಲ ಕಕ್ತಾ ಇದೆ. ನನ್ನಿಂದ ನನ್ ಮಗನ ವೀಸಾ ಹೋಯ್ತಲ್ಲೇ!"

ಅಳುತ್ತಿದ್ದರು. ನಗುವುದೋ ಅಳುವುದೋ ತಿಳಿಯದೆ ನಾನೂ ಅತ್ತುಬಿಟ್ಟೆ. ಅದು ಆ ಆಟದಲ್ಲೇ ಅತಿ ದೊಡ್ಡ ಗೆಲುವು, ನಮ್ಮವರು ವರ್ಷಗಟ್ಟಲೆ ಚಾರ್ಟ್ ಹಿಡಿದು ಆಡಿದರೂ ಕಾಣದ್ದು.

ವಾಪಸ್ ಬಂದಾಗ ನಮ್ಮವರು ಇನ್ನೂರೈವತ್ತು ಕ್ವಾರ್ಟರನ್ನು ಪ್ಲಾಸ್ಟಿಕ್ ಲೋಟಗಳಿಗೆ ತುಂಬುತ್ತಿದ್ದರು. ಅಜ್ಜಿ ಅತ್ತೆಯನ್ನು ತಬ್ಬಿಕೊಂಡು, ಮತ್ತೆ ಐದು ಬೆರಳು ಎತ್ತಿ ಹಣೆ ಚಚ್ಚಿಕೊಂಡಳು.

"ಅವರು ಆಗ್ಲಿಂದ ಅದನ್ನೇ ಹೇಳ್ತಿರೋದಮ್ಮ. ಒಂದೊಂದೇ ಕಾಸು ಹಾಕ್ಬಾರ್ದು, ಐದು ಹಾಕ್ಬೇಕು. ಐದು ಹಾಕಿದ್ರೆ ಬೋನಸ್ ಸೇರಿ ಸಾವಿರ ಡಾಲರ್ ಬರ್ತಿತ್ತು" ಅಂದರು ನಮ್ಮವರು.

ಬಸ್ಸಿನಲ್ಲಿ ಅತ್ತೆ ಕಾಸಿನ ಲೋಟ ಮಡಿಲಲ್ಲಿಟ್ಟುಕೊಂಡು ಕಿಟಕಿ ಕಡೆ ಮುಖ ತಿರುಗಿಸಿ ಕೂತರು. ಮುಗೀತು, ಮನೆ ಸೇರಿದ ಕೂಡಲೇ ಟಿಕೆಟ್ ಮಾತು ತೆಗೆಯುತ್ತಾರೆ ಅಂದುಕೊಂಡೆ. ಬಾಲ್ಟಿಮೋರ್ ದಾಟಿದ ಮೇಲೆ ನನ್ನ ತೊಡೆ ತಟ್ಟಿದರು.

"ಟಿಕೆಟ್ ಬೇಡ ಅನ್ನು ಅವನಿಗೆ. ಬಾಣಂತನ ಮುಗಿಸ್ಕೊಂಡೇ ಹೋಗ್ತೀನಿ. ಮಗೂಗೆ ಮೂರು ತಿಂಗಳು ತುಂಬಿದ್ ಮೇಲೆ ಎಲ್ರೂ ಬರೋಣ, ಆವಾಗ ಐದೈದೇ ಹಾಕ್ತೀನಿ." ಸ್ವಲ್ಪ ಯೋಚಿಸಿ ಕೇಳಿದರು, "ತಲೆಗೊಂದು ಅಂದ್ರೆ ಮಗೂಗೂ ಒಂದು ರೋಲ್ ಕೊಡ್ತಾರೆ ತಾನೇ?"

"ಕೊಡ್ತಾರೆ ಅತ್ತೆ, ಕೊಡದೇ ಏನು!" ಅಂದೆ. ಇಪ್ಪತ್ತೊಂದು ವರ್ಷ ತುಂಬದವರನ್ನು ಒಳಗೇ ಬಿಡಲ್ಲ ಅಂತ ಆಗ ಹೇಳೋಕೆ ನನಗೇನು ಹುಚ್ಚೇ?