ಮೇಷ್ಟ್ರ ಬ್ರೇಕು

ವಿಜ್ಞಾನದ ಮೇಷ್ಟ್ರ ಕಾರಿನ ಬ್ರೇಕ್ ಪೆಡಲ್ ಆ ಬೆಳಗ್ಗೆ ತಲೆದಿಂಬಿನ ಹಾಗೆ ಮೆತ್ತಗೆ ಒಳಗೆ ಹೋಯಿತು. ಬೇರೆ ದಿನವಾದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಅವತ್ತೇ ಮೂರು ಗಂಟೆಗೆ ವಾಹನ ತಪಾಸಣೆ. ಅಪ್ಪ ಓಡಿಸುತ್ತಿದ್ದ ಕಾರು, ಮೇಷ್ಟ್ರಿಗೆ ಅದೆಂದರೆ ಪ್ರಾಣ. ಫೇಲಾದರೆ ಸೀದಾ ಗುಜರಿಗೆ ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಮೆಕ್ಯಾನಿಕ್ ಬಳಿ ಹೋಗಬಹುದಿತ್ತು. ಆದರೆ ಇಪ್ಪತ್ತು ವರ್ಷ ಬ್ರೇಕಿನ ಪಾಠ ಮಾಡಿದವರು ಬ್ರೇಕ್ ಕೆಟ್ಟಿತೆಂದು ಇನ್ನೊಬ್ಬರ ಬಾಗಿಲು ತಟ್ಟುವುದೇ? ಪೆಡಲ್ ಒತ್ತಿದರೆ ಕೊಳವೆಯಲ್ಲಿರುವ ಎಣ್ಣೆ ಆ ಒತ್ತಡವನ್ನು ನಾಲ್ಕೂ ಚಕ್ರಕ್ಕೆ ಮುಟ್ಟಿಸುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಅಂದಮೇಲೆ ಎಲ್ಲೋ ಗಾಳಿ ಸೇರಿದೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಬಳಿಯ ತಿರುಪು ಸಡಿಲಿಸಿ, ಗುಳ್ಳೆ ಹೊರಬಿಟ್ಟು, ಮತ್ತೆ ಬಿಗಿಯಬೇಕು. ಅಷ್ಟೇ ಕೆಲಸ.

ಪೆಡಲ್ ಹಿಡಿಯಲು ಎದುರುಮನೆಯ ಟೈಲರ್ ಕರೆಯದೇ ಬಂದು ಕೂತ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. ಒತ್ತಿ ಹಿಡಿಯಿರಿ ಎಂದು ಮೇಷ್ಟ್ರು ಗೋಗರೆದರೂ ಅದು ಟಕಟಕ ತುಳಿಯುತ್ತಲೇ ಇತ್ತು. ತಿರುಪು ಬಿಗಿಯುವ ಮುಂಚೆಯೇ ಪೆಡಲ್ ಮೇಲೆದ್ದು, ಬಿಟ್ಟ ಗಾಳಿಗಿಂತ ಎಳೆದುಕೊಂಡ ಗಾಳಿಯೇ ಹೆಚ್ಚಾಯಿತು. ಮೇಷ್ಟ್ರ ಮುಖವೆಲ್ಲ ಎಣ್ಣೆ.

"ಏನ್ ಮಾಡ್ಲಿ ಮೇಷ್ಟ್ರೇ, ಪೆಡಲ್ ಸಿಕ್ಕಿದ್ರೆ ಈ ಕಾಲು ನನ್ನ ಮಾತೇ ಕೇಳಲ್ಲ," ಎಂದ ಟೈಲರ್.

ಮಹಡಿಯ ಮೇಲಿನ ಅಜ್ಜಿ ಬಗ್ಗಿ ನೋಡಿ, ಅಷ್ಟು ಗಾಳಿ ಬರುವುದಾದರೆ ಒಂದು ಕೊಳವೆ ತಮ್ಮ ಕೋಣೆಗೂ ಎಳೆದುಕೊಡಿ ಎಂದರು. ಗಂಟೆ ಒಂದಾಯಿತು, ಎರಡಾಯಿತು.

ಕೊನೆಗೆ ಗಂಡನ ಅವಸ್ಥೆ ನೋಡಲಾರದೆ ಹೆಂಡತಿಯೇ ಬಂದಳು. "ಏಳಿ ಅಣ್ಣ, ನಾನು ಹಿಡ್ಕೋತೀನಿ," ಎಂದು ಟೈಲರನನ್ನು ಎಬ್ಬಿಸಿ ಕೂತಳು. ಹಿಡಿದ ಪಟ್ಟು ಬಿಡದಿರುವುದರಲ್ಲಿ ಆಕೆಯದು ಹದಿನೆಂಟು ವರ್ಷದ ಅನುಭವ. ಕಾಲಿಟ್ಟು ಒತ್ತಿದಳು, ಮೇಷ್ಟ್ರು ಹೇಳುವ ತನಕ ಪೆಡಲ್ ಮೇಲೇಳಲಿಲ್ಲ. ಇಪ್ಪತ್ತೇ ನಿಮಿಷದಲ್ಲಿ ಗುಳ್ಳೆಗಳೆಲ್ಲ ಖಾಲಿ, ಪೆಡಲ್ ಕಲ್ಲಿನಂತೆ ಗಟ್ಟಿ. ಮೇಷ್ಟ್ರಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

ಮೂರು ಗಂಟೆಗೆ ಸರಿಯಾಗಿ ತಪಾಸಣೆಯ ಮೈದಾನ. ಇನ್ಸ್‌ಪೆಕ್ಟರ್ ದೀಪ, ಕನ್ನಡಿ, ಹಾರ್ನು ಎಲ್ಲಕ್ಕೂ ಟಿಕ್ ಹಾಕಿ, ಇನ್ನು ಬ್ರೇಕ್ ಒಂದೇ ಬಾಕಿ ಎಂದು ಕಚೇರಿಯ ಜೀಪು ಹತ್ತಿದರು.

"ನೀವು ಮುಂದೆ ಸ್ವಲ್ಪ ಜೋರಾಗಿ ಹೋಗಿ. ನಾನು ಹಿಂದೆಯೇ ಬಂದು ನೋಡ್ತೀನಿ. ಹಾರ್ನ್ ಹೊಡೆದ ತಕ್ಷಣ ನಿಲ್ಲಿಸ್ಬೇಕು."

ಮೇಷ್ಟ್ರು ಹೊರಟರು. ಹಾರ್ನ್ ಆಯಿತು. ಪೆಡಲ್ ಒತ್ತಿದ್ದೇ ತಡ, ಕಾರು ಮೊಳೆ ಹೊಡೆದಂತೆ ನಿಂತಿತು.

ಜೀಪು ನಿಲ್ಲಲಿಲ್ಲ.

ಪುಣ್ಯಕ್ಕೆ ಇಬ್ಬರಿಗೂ ಏನೂ ಆಗಲಿಲ್ಲ. ಕಾರಿನ ಡಿಕ್ಕಿ ಮಾತ್ರ ಮುದುರಿ ಹಿಂದಿನ ಸೀಟಿನಲ್ಲಿ ಕೂತಿತ್ತು. ಇನ್ಸ್‌ಪೆಕ್ಟರ್ ಇಳಿದು ಬೆವರೊರೆಸಿಕೊಂಡು, ವಾರದಿಂದ ಜೀಪಿನ ಬ್ರೇಕ್ ಹೀಗೇ, ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಗೊಣಗಿದರು. ಆಮೇಲೆ ಕಾರಿಗೊಂದು ಸುತ್ತು ಬಂದು, ಬಹಳ ಪ್ರಾಮಾಣಿಕವಾಗಿ ಬರೆದು ಚೀಟಿ ಕೈಗಿಟ್ಟರು.

ಬ್ರೇಕ್: ಅತ್ಯುತ್ತಮ. ವಾಹನ: ಫೇಲು.