ಹುಳುಮನೆಯ ಬಾಗಿಲಲ್ಲಿ ನಮ್ಮ ಮಾವ

ನಮ್ಮ ಸೋದರಮಾವ ಬೆಂಗಳೂರಿನಿಂದ ಬಸ್ಸಿನಲ್ಲಿ ಬರುವಾಗ ಅವರ ಪಕ್ಕದ ಸೀಟು ಯಾವಾಗಲೂ ಖಾಲಿ. ಜನ ಬಾಗಿಲಿಗೆ ಜೋತುಬಿದ್ದಿದ್ದರೂ ಖಾಲಿ! ಇಂಥ ಮರ್ಯಾದೆ ಮಂತ್ರಿಗಳಿಗಾದರೂ ಸಿಗುತ್ತದೆಯೇ? ಒಮ್ಮೆ ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಸಾರ್, ಬ್ಯಾಗಲ್ಲಿ ಏನೈತೆ? ಕೊಳ್ತೋಗಿರೋ ಈರುಳ್ಳಿನಾ?" ಎಂದನಂತೆ.

"ಬ್ಯಾಗಲ್ಲಿ ಏನೂ ಇಲ್ಲಪ್ಪ, ಅದು ನಾನೇ" ಎಂದರಂತೆ ಮಾವ.

ಮಾವ ರಸಾಯನ ವಿಜ್ಞಾನಿ. ಗಂಧಕ ಸೇರಿದ ಅಣುಗಳನ್ನು ಜೋಡಿಸಿ ಹೊಸ ಔಷಧಿಗೆ ದಾರಿ ಮಾಡುವುದು, ಆ ಜೋಡಣೆ ಬೇಗ ಆಗುವಂಥ ವೇಗವರ್ಧಕ ಹುಡುಕುವುದು, ಇದರಲ್ಲೇ ಅವರ ತಲೆ ನರೆತಿದೆ. ಆ ಗಂಧಕದ ನಾತ ಯಾವ ಸೋಪಿಗೂ ಜಗ್ಗುವುದಿಲ್ಲ. ಮರಳವಾಡಿಯ ನಮ್ಮ ಪಕ್ಕದ ಮನೆ ಗೌಡರು ಒಮ್ಮೆ, "ನಿಂದು ಏನ್ ಕೆಲ್ಸ, ಒಸಿ ಬುಡ್ಸಿ ಹೇಳಪ್ಪ" ಎಂದು ಕೇಳಿದರು.

"ತಾನು ಒಂಚೂರೂ ಸವೀದೆ ಬ್ಯಾರೆಯವ್ರ ಕೈಲಿ ಬಿರ್ರನೆ ಕೆಲ್ಸ ಮಾಡಿಸ್ತದಲ್ಲ, ಅಂಥ ಪದಾರ್ಥ ಹುಡುಕ್ತೀನಿ ಗೌಡ್ರೆ."

"ಓ, ಮೇಸ್ತ್ರಿನಾ!" ಎಂದರು ಗೌಡರು.

ಮಾವನಿಗೆ ಬೇಜಾರೇ ಇಲ್ಲ. ತಮ್ಮ ವಿದ್ಯಾರ್ಥಿಗಳಿಗೂ ಈಗ ಹಾಗೆಯೇ ಪಾಠ ಹೇಳುತ್ತಾರಂತೆ.

ಅಡುಗೆಮನೆಗೆ ಬಂದರೆ ಇನ್ನೊಂದು ಕಥೆ. ಸಾರಿನ ಪಾತ್ರೆಯಿಂದ ಮಾರು ದೂರ ನಿಂತು, ಆವಿಯನ್ನು ಕೈಯಲ್ಲಿ ಮೂಗಿನತ್ತ ಬೀಸಿಕೊಳ್ಳುತ್ತಾರೆ. ಉಪ್ಪು ನೋಡು ಎಂದರೆ, "ಏನಂತ ಗೊತ್ತಿಲ್ಲದ್ದನ್ನ ಬಾಯಿಗೆ ಇಡಂಗಿಲ್ಲ ಅಕ್ಕಯ್ಯ, ಲ್ಯಾಬಿನ ರೂಲು!"

"ನಾನ್ ಮಾಡಿರೋ ಸಾರು ಏನಂತ ಗೊತ್ತಿಲ್ವಾ ನಿಂಗೆ?" ಅಮ್ಮನ ಕೈಯಲ್ಲಿ ಸೌಟು ಮೇಲೇಳುತ್ತಿತ್ತು.

ನಮ್ಮದು ರೇಷ್ಮೆ ಸಾಕುವ ಮನೆ. ಹುಳುವಿಗೆ ಘಾಟು ಆಗದು. ಬೀಡಿ ಸೇದಿದವರು, ಸೆಂಟು ಹಾಕಿದವರು ಯಾರೂ ಹುಳುಮನೆಗೆ ಕಾಲಿಡುವಂತಿಲ್ಲ. ಇನ್ನು ನಮ್ಮ ಮಾವ? "ಹೊಸ್ಲು ದಾಟಿದ್ರೆ ಕಾಲ್ ಮುರೀತೀನಿ ಕಣ್ಲಾ!" ಎಂದು ಅಮ್ಮನ ಆಜ್ಞೆ. ಪಂಪ್‌ಸೆಟ್ಟಿನ ಹತ್ತಿರ ಸೀಗೆಪುಡಿ ಸ್ನಾನ, ಅಪ್ಪನ ಪಂಚೆ, ಆಮೇಲೆ ಅಮ್ಮ ತಲೆ ಮೂಸಿ ಪಾಸು ಮಾಡಬೇಕು. ಎಷ್ಟೋ ಸಲ ಫೇಲಾಗಿ ಮತ್ತೆ ಪಂಪ್‌ಸೆಟ್ಟಿಗೆ ಹೋಗುತ್ತಿದ್ದರು. "ಪಿಎಚ್‌ಡಿಲೂ ಇಷ್ಟ್ ಕಷ್ಟ ಇರ್ಲಿಲ್ಲ ಕಣಕ್ಕಯ್ಯ!"

ಹೋದ ವರ್ಷ ಜ್ವರ ಬಂದು ಅಮ್ಮನಿಗೆ ವಾಸನೆಯೇ ತಿಳಿಯದಾಯಿತು. ಕಾಫಿಯೂ ಒಂದೇ, ಕಲಗಚ್ಚೂ ಒಂದೇ. ಹುಳುವಿನ ಕೆಳಗಿನ ಸೊಪ್ಪಿನ ಹಾಸು ಮುಗ್ಗಿದರೆ, ಹುಳುವಿಗೆ ರೋಗ ತಗುಲಿದರೆ ಕಣ್ಣಿಗೆ ಕಾಣುವ ಮೊದಲೇ ಮೂಗಿನಲ್ಲಿ ಹಿಡಿಯುತ್ತಿದ್ದವಳು ಅವಳು. ಜ್ವರದ ನಂತರದ ಬೆಳೆ ಕೊಳೆತದ್ದೇ ಗೊತ್ತಾಗದೆ ಹಾಳಾಯಿತು. "ಮೂಗಿಲ್ದೆ ಹುಳ ಎಂಗ್ ಸಾಕ್ಲಿ? ಇದೊಂದು ಬೆಳೆ ನೋಡ್ತೀನಿ. ಆಮ್ಯಾಕೆ ಹುಳದ ತಟ್ಟೆಯೆಲ್ಲಾ ಮಾರ್ಬುಡಾನ" ಎಂದು ಕಣ್ಣೊರೆಸಿಕೊಂಡಳು.

ಮಾವ ಪುಟ್ಟ ಸೀಸೆಗಳ ಪೆಟ್ಟಿಗೆ ತಂದರು. ಲವಂಗ, ನಿಂಬೆ, ನೀಲಗಿರಿ. ದಿನಾ ಮೂಸಿದರೆ ಮೂಗು ಮತ್ತೆ ಕಲಿಯಬಹುದು ಎಂದು ಡಾಕ್ಟರು ಹೇಳಿದ್ದರು. ಭಾನುವಾರ ಭಾನುವಾರ ಅಮ್ಮನ ಕಣ್ಣಿಗೆ ಟವೆಲು ಕಟ್ಟಿ ಪರೀಕ್ಷೆ! "ಇದೇನಕ್ಕಯ್ಯ?" "ನೀರು." "ಇದು?" "ನೀರೇ ಕಣ್ಲಾ." ಒಂದು ಭಾನುವಾರ ಅಮ್ಮ ಇದ್ದಕ್ಕಿದ್ದಂತೆ, "ಹಾ, ಲವಂಗ!" ಎಂದಳು. ನಾನು ಚಪ್ಪಾಳೆ ತಟ್ಟಿದೆ. ಮಾವ ಮಾತ್ರ ಮೆಲ್ಲಗೆ, "ಅದು ಖಾಲಿ ಸೀಸೆ ಅಕ್ಕಯ್ಯ" ಎಂದರು. ತಮ್ಮನ ಸಮಾಧಾನಕ್ಕೆ ಅವಳು ಹೇಳಿದ ಸುಳ್ಳು ಅದು. ಖಾಲಿ ಸೀಸೆ ಇಡದೆ ಪರೀಕ್ಷೆ ಮಾಡುವುದು ಈ ಮನುಷ್ಯನಿಗೆ ಗೊತ್ತೇ ಇಲ್ಲವಲ್ಲ! ನನಗೆ ಅವತ್ತು ಮಾವನ ಮೇಲೆ ಸಿಟ್ಟು ಬಂತು.

ಆ ಕೊನೆಯ ಬೆಳೆಯ ಹುಳು ಇನ್ನೇನು ಹಣ್ಣಾಗಬೇಕು, ಗೂಡು ಕಟ್ಟಬೇಕು. ರಾತ್ರಿಯಿಡೀ ಲ್ಯಾಬಿನಲ್ಲಿದ್ದ ಮಾವ ಬೆಳಿಗ್ಗೆ ನೇರ ಬಸ್ಸು ಹತ್ತಿ ಬಂದವರು, ಸ್ನಾನ ಮರೆತು, ಪೆಟ್ಟಿಗೆ ಹಿಡಿದುಕೊಂಡು ಹುಳುಮನೆಯ ಬಾಗಿಲಿಗೇ ಬಂದುಬಿಟ್ಟರು. ಸೊಪ್ಪು ಹಾಕುತ್ತಿದ್ದ ಅಮ್ಮ ತಿರುಗಿಯೂ ನೋಡದೆ ಕಿರುಚಿದಳು:

"ಥೂ! ಏನ್ಲಾ ಇದು ಗಬ್ಬು ನಾತ! ನಡೀಲಾ ಆಚಿಕೆ, ನನ್ನ ಹುಳ ಸತ್ತೋಯ್ತವೆ!"

ಹೇಳಿದವಳ ಕೈ ಅಲ್ಲೇ ನಿಂತಿತು.

"ಇನ್ನೊಂದ್ಸಲ ಹೇಳಕ್ಕಯ್ಯ" ಎಂದರು ಮಾವ.

"ನಾರ್ತಾ ಇದ್ದೀಯ ಕಣೋ" ಎಂದಳು ಅಮ್ಮ, ಅಳುತ್ತಾ.

ಅವರನ್ನು ಅಂಗಳದವರೆಗೂ ನೂಕಿಕೊಂಡೇ ಹೋದಳು. ಅಲ್ಲಿ ಹೋಗಿ, ನರೆತ ತಲೆಯ ಆ ತಮ್ಮನನ್ನು ಬಾಚಿ ತಬ್ಬಿಕೊಂಡು, ಅಂಗಿಗೆ ಮೂಗು ಒತ್ತಿ ಮತ್ತೆ ಮತ್ತೆ ಮೂಸಿದಳು.