ಮಾವನವರು ಕಂಡ ಮಂಗಳನ ಬಾಗಿಲು

ಬೀಗರ ಎದುರಿಗೆ ತರಲು ಹಿಂಜರಿಯುವಂಥವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ. ನಮ್ಮ ಮನೆಯಲ್ಲಿ ಆ ಸ್ಥಾನ ನನ್ನ ಮಾವನವರದು ಎಂದೇ ನಾನು ತಿಳಿದಿದ್ದೆ. ಕುರುಗೋಡಿನವರು, ಬಲು ಒಳ್ಳೆಯ ಮನುಷ್ಯ. ಇರುವುದೊಂದೇ ಚಟ: ಮೊಬೈಲಿನಲ್ಲಿ ಮಂಗಳ ಗ್ರಹದ ಫೋಟೊ ನೋಡುವುದು. ಯಾವುದೋ ಕೆಂಪು ಬಂಡೆಯ ಸಂದಿಯನ್ನು ಎರಡು ಬೆರಳಿನಿಂದ ಹಿಗ್ಗಿಸಿ, "ಅಳಿಯಂದ್ರ, ಇದು ಬಾಗಿಲ ಅಲ್ಲೇನು? ಯಾರೋ ಮನಿ ಕಟ್ಟ್ಯಾರ ಅಲ್ಲಿ" ಎನ್ನುತ್ತಾರೆ. ಅದು ಬರೀ ನೆರಳು ಎಂದರೆ, "ನೆರಳಿಗೆ ಹೊಸ್ತಿಲ ಇರತೈತೇನು?" ಹಾಲಿನವನಿಗೂ ತೋರಿಸಿದ್ದಾಯಿತು. ಅವನು "ಹೌದ್ರಿ ಯಜಮಾನ್ರ, ತಲಬಾಗಿಲ" ಎಂದು ಗಾಡಿ ಹತ್ತಿ ಪಾರಾದ. ನಾನಾದರೋ ಅಳಿಯ, ಪಾರಾಗುವಂತಿಲ್ಲ.

ಹೀಗಿರುವಾಗ ನನ್ನ ಮಗಳನ್ನು ನೋಡಲು ಸಿರುಗುಪ್ಪದವರು ಬರುತ್ತೇವೆಂದರು. ಹುಡುಗ ಅವಳಿಗೆ ಮೊದಲೇ ಮೆಚ್ಚಿಗೆಯಾದವನು. ಈ ಮನೆತನದಲ್ಲಿ ತಲೆ ಕೆಟ್ಟವರಿದ್ದಾರೆ ಎಂದು ಅವರಿಗೆ ಅನಿಸಿದರೆ ಸಂಬಂಧ ಮುರಿದಂತೆಯೇ. ಹಿಂದಿನ ದಿನ ಧೈರ್ಯ ಮಾಡಿ, "ಮಾವಾರ, ನಾಳೆ ಒಂದಿನ ಮಂಗಳದ ಸುದ್ದಿ ಬ್ಯಾಡ್ರಿ" ಎಂದೆ. ಅವರ ಮುಖ ಸಣ್ಣದಾಯಿತು. "ಮೊಮ್ಮಗಳಿಗಿಂತ ಮಂಗಳ ದೊಡ್ಡದೇನ್ರಿ?" ಎಂದು ಮೊಬೈಲನ್ನು ನನ್ನ ಹೆಂಡತಿಯ ಕೈಗಿಟ್ಟರು. ನನಗೆ ಪಾಪ ಎನಿಸಿತು. ಆದರೂ ಮೊಬೈಲು ಕಪಾಟು ಸೇರಿದ್ದು ಸಮಾಧಾನವೇ.

ಬಂದವರು ಹೆಚ್ಚು ಮಾತಿನವರಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಗಿದವು. ಮಾವನವರು ಕಾಲುವೆ ನೀರು, ಭತ್ತದ ನಾಟಿ ಎಂದು ಚೆಂದವಾಗಿ ವಿಚಾರಿಸಿ ಸುಮ್ಮನಾದರು. ಆ ಮೌನ ತಡೆಯಲಾರದೆ ನಾನು ಹುಡುಗನ ತಂದೆಯನ್ನು ಮಾಳಿಗೆಗೆ ಕರೆದೊಯ್ದು, ಬಳ್ಳಾರಿಗೆ ಬಂದವರಿಗೆಲ್ಲ ತೋರಿಸುವಂತೆ ಎದುರಿನ ಗುಡ್ಡ ತೋರಿಸಿದೆ.

"ನೋಡ್ರಿ, ಮನುಷ್ಯಾ ಅಂಗಾತ ಮಲಗಿದಂಗ ಮಾರಿ ಐತಿ."

"ಎಲ್ಲೈತ್ರಿ? ಬರೇ ಕಲ್ಲುಬಂಡಿ ಅದಾವು."

"ಅಷ್ಟು ದೊಡ್ಡ ಮೂಗು ಕಾಣವಲ್ದೇನ್ರಿ? ಅದರ ಕೆಳಗ ತುಟಿ!"

"ಬಂಡೀನ ಕಾಣತಾವ್ರಿ."

ನನಗೆ ಸಿಟ್ಟೇ ಬಂತು. ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಮೂಗು! ಅವರ ಭುಜ ಹಿಡಿದು ತಿರುಗಿಸಿದೆ, ಬಗ್ಗಿಸಿದೆ, ಒಂದು ಕಣ್ಣು ಮುಚ್ಚಿಸಿದೆ. ಕೊನೆಗೆ ಮಾವನವರೇ ಮೆಟ್ಟಿಲೇರಿ ಬಂದು, "ಚಹಾ ಆರತೈತಿ, ಬರ್ರಿ ಬೀಗರ" ಎಂದು ಅವರನ್ನು ನನ್ನ ಕೈಯಿಂದ ಬಿಡಿಸಿಕೊಂಡು ಹೋದರು.

ಸಂಜೆ ಹುಡುಗನ ತಾಯಿಯ ಫೋನು ಬಂತು. ಹೆಂಡತಿ ಸ್ಪೀಕರ್ ಹಾಕಿದಳು. ಹುಡುಗಿ ಒಪ್ಪಿಗೆ! ಮಗಳು ಒಳಗೆ ಓಡಿದಳು, ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಆಕೆ ದನಿ ತಗ್ಗಿಸಿದರು: "ಅಜ್ಜಾರು ಭಾಳ ತಿಳದವರು ಬಿಡ್ರಿ. ಆದ್ರ ಹುಡುಗಿ ತಂದಿಯಾರು... ಮೊದಲಿಂದಾನೂ ಹಿಂಗೇನ್ರಿ?"

ಹೆಂಡತಿ ನನ್ನ ಮುಖ ನೋಡಿದಳು. ಮಾವನವರು ಫೋನಿನ ಕಡೆ ಬಾಗಿ ಸಮಾಧಾನದ ದನಿಯಲ್ಲಿ ಹೇಳಿದರು: "ನೀವೇನೂ ಚಿಂತಿ ಮಾಡಬ್ಯಾಡ್ರಿ ತಂಗಿ. ಮದುವಿ ದಿನ ಅವರನ್ನ ನಾ ನೋಡ್ಕೋತೀನಿ."